ದಡ್ಡಪ್ಪನಿಗೆ ಪಾಠ

ಬೊಂಬೆಯನ್ನು ಒಂದು ತರಗತಿ ಕೆಳಕ್ಕೆ ಕಳಿಸುವುದೆಂದು ಹೆಡ್‌ಮಾಸ್ಟರು ಮನಸ್ಸು ಮಾಡಿ ಆಗಿತ್ತು. ಗಣಿತದ ಟೀಚರು ಹೂಂ ಅನ್ನುವುದೊಂದೇ ಬಾಕಿ. ಏನು ಕೇಳಿದರೂ ಬಾಯಿ ಬಿಡದೆ ಕಣ್ಣರಳಿಸಿ ನಿಲ್ಲುವ ಆ ಹುಡುಗಿಗೆ ಜೊತೆಯವರೇ ಇಟ್ಟ ಹೆಸರು ಬೊಂಬೆ. ಶಾಲೆಗೆ ಹೊಸದಾಗಿ ಬಂದಿದ್ದ ಎಐ ಟ್ಯಾಬು ಕೂಡ ಅವಳ ಹೆಸರಿನ ಮುಂದೆ ಕೆಂಪು ಚುಕ್ಕೆಯನ್ನೇ ಇಟ್ಟಿತ್ತು.

ಉಳಿದವರದೆಲ್ಲ ಹಸಿರು. ಆದರೆ ಆ ಹಸಿರನ್ನು ಟೀಚರು ನಂಬುತ್ತಿರಲಿಲ್ಲ. ಮೂರು ಸಲ ತಪ್ಪು ಒತ್ತಿದರೆ ಟ್ಯಾಬು ತಾನೇ ಉತ್ತರ ಹೇಳಿಬಿಡುತ್ತದೆಂದು ಮಕ್ಕಳು ಕಂಡುಕೊಂಡಿದ್ದರು. ಮರುದಿನ ಹಲಗೆಯ ಮುಂದೆ ನಿಲ್ಲಿಸಿದರೆ ಎಲ್ಲರ ಬಣ್ಣವೂ ಬಯಲಾಗುತ್ತಿತ್ತು.

ತರಬೇತಿಯಲ್ಲಿ ಕೇಳಿದ್ದ ಎರಡು ಮಾತು ಟೀಚರ ತಲೆ ಕೊರೆಯುತ್ತಿದ್ದವು. ಇನ್ನೊಬ್ಬರಿಗೆ ಹೇಳಿಕೊಟ್ಟವರ ಕಲಿಕೆಯೇ ಗಟ್ಟಿಯಾಗುತ್ತದೆ ಎಂದು ಸಂಶೋಧನೆ ಮಾಡಿದವರು ಹೇಳುತ್ತಾರಂತೆ. ಪ್ರಶ್ನೆ ಕೇಳಿದ ಮೇಲೆ ಕೇಳಿದವರು ಕೊಂಚ ಹೊತ್ತು ತೆಪ್ಪಗಿರಬೇಕು ಎಂಬುದು ಇನ್ನೊಂದು. ಈ ಎರಡನೆಯದೇ ಅವರಿಗೆ ಕಬ್ಬಿಣದ ಕಡಲೆ. ‘ನಮ್ಮಮ್ಮನ ಬಾಯಿಗೆ ಬೀಗ ಇಲ್ಲ’ ಎಂದು ಮನೆಯಲ್ಲಿ ಮಗಳೇ ಹಂಗಿಸುತ್ತಿದ್ದಳು.

ಅಂದು ಅವರು ಟ್ಯಾಬನ್ನು ಮೇಜಿನ ಮೇಲಿಟ್ಟು ಅದಕ್ಕೇ ಅಪ್ಪಣೆ ಕೊಟ್ಟರು. ‘‘ಇವತ್ತು ನೀನು ಉತ್ತರ ಹೇಳೋ ಹಾಗಿಲ್ಲ. ನೀನೇ ವಿದ್ಯಾರ್ಥಿ, ಅದೂ ದಡ್ಡ. ಇವರು ಹೇಳಿದ್ದನ್ನ ಕೇಳು, ಅರ್ಥ ಆಗದಿದ್ರೆ ಯಾಕೆ ಅಂತ ಕೇಳು.’’

ಮಕ್ಕಳು ಅದಕ್ಕೆ ನಿಂತ ನಿಲುವಿನಲ್ಲೇ ದಡ್ಡಪ್ಪ ಎಂದು ಹೆಸರಿಟ್ಟರು.

ಮುಕ್ಕಾಲು ಲೀಟರು ಹಾಲನ್ನು ಅರ್ಧ ಲೀಟರಿನ ಪಾತ್ರೆಯಿಂದ ಅಳೆದರೆ ಎಷ್ಟು ಪಾತ್ರೆ? ಅದು ಲೆಕ್ಕ.

‘‘ಅರ್ಧದ ಭಿನ್ನರಾಶೀನ ತಿರುಗಿಸಿ ಗುಣಿಸೋ, ಒಂದೂವರೆ ಬರತ್ತೆ,’’ ಎಂದ ಮುಂದಿನ ಬೆಂಚಿನ ಚೂಟಿ ಹುಡುಗ.

‘‘ಯಾಕಣ್ಣ ತಿರುಗಿಸಬೇಕು?’’ ಎಂದಿತು ದಡ್ಡಪ್ಪ.

‘‘ಯಾಕೆ ಅಂದ್ರೆ... ಟೀಚರ್ ಹೇಳಿದ್ದಾರೆ ಕಣೋ!’’

ತರಗತಿ ಗೊಳ್ಳೆಂದಿತು. ಟೀಚರು ತಾವೂ ನಕ್ಕರು, ಆದರೆ ಏಟು ಬಿದ್ದದ್ದು ತಮ್ಮ ಪಾಠಕ್ಕೇ ಎಂದು ಅವರಿಗೆ ಗೊತ್ತಾಯಿತು. ಆಗ ಮೂಲೆಯಿಂದ ಬೊಂಬೆಯ ದನಿ ಬಂತು.

‘‘ತಿರುಗಿಸೋದು ಬೇಡ, ಅಳೆದು ನೋಡು. ಒಂದು ಪಾತ್ರೆ ತುಂಬ್ತು. ಕಾಲು ಲೀಟರು ಮಿಕ್ತು. ಒಂದೂ ಕಾಲು.’’

‘‘ತಪ್ಪು!’’ ಎಂದು ಚೂಟಿ ಕೂಗಿದ.

‘‘ಅಣ್ಣ ಒಂದೂವರೆ ಅಂತಾನೆ, ನೀನು ಒಂದೂ ಕಾಲು ಅಂತೀಯ. ಯಾರನ್ನ ನಂಬಲಿ ಅಕ್ಕ?’’ ಎಂದಿತು ದಡ್ಡಪ್ಪ.

ಅಕ್ಕ ಎನಿಸಿಕೊಂಡವಳು ಬೆಂಚಿನ ಮೇಲೆ ಬೆರಳಿನಿಂದ ಪಾತ್ರೆಯ ಗೆರೆ ಎಳೆಯತೊಡಗಿದಳು. ಟೀಚರ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತು. ಅವರು ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದರು. ಅದು ಪುಡಿಯಾಯಿತು.

‘‘ತಡಿಯೋ ದಡ್ಡಪ್ಪ,’’ ಎಂದಳು ಹುಡುಗಿ ಕೊನೆಗೆ. ‘‘ಮಿಕ್ಕಿದ್ದು ಲೀಟರಿನ ಲೆಕ್ಕದಲ್ಲಿ ಕಾಲು. ನಮ್ಮ ಪಾತ್ರೆನೇ ಅರ್ಧ ಲೀಟರಿಂದು ತಾನೆ? ಹಾಗಾದ್ರೆ ಅದು ಅರ್ಧ ಪಾತ್ರೆ. ಒಂದೂವರೇನೇ ಸರಿ. ನಾನು ಮೊದಲು ಹೇಳಿದ್ದನ್ನ ಬಿಟ್ಟಾಕು.’’

ಅವಳ ಬಾಯಿಂದ ಇಷ್ಟುದ್ದದ ಮಾತು ಟೀಚರು ಕೇಳಿದ್ದು ಇದೇ ಮೊದಲು. ಇಷ್ಟು ಕಾಲ ಅವಳ ಬಾಯಿ ಕಟ್ಟಿದ್ದು ದಡ್ಡತನವೋ ತಮ್ಮ ಆತುರವೋ ಎಂದು ಯೋಚಿಸುತ್ತಲೇ ಅವರು ಹೆಡ್‌ಮಾಸ್ಟರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದರು.

‘‘ಒಂದು ದಿನದ ಮಾತು ನೆಚ್ಚಿಕೊಳ್ಳೋಕಾಗತ್ತೇನಮ್ಮ?’’ ಎಂದರು ಹೆಡ್‌ಮಾಸ್ಟರು.

‘‘ಆಗಲ್ಲ ಸರ್. ಇವತ್ತು ಬಂದಿದ್ದು ನಾಳೆ ಮರೆತು ಹೋಗಬಹುದು. ಒಂದು ವಾರ ಬಿಟ್ಟು ಬೇರೆ ಲೆಕ್ಕ ಕೊಟ್ಟು ನೀವೇ ಕೇಳಿ. ಟ್ಯಾಬು ಇರಲ್ಲ.’’

‘‘ಆಗಲೂ ಬೊಂಬೆ ಬೊಂಬೆನೇ ಆದ್ರೆ?’’

‘‘ನಾನೇ ಕೈ ಹಿಡಿದು ಕೆಳಗಿನ ತರಗತೀಲಿ ಕೂರಿಸಿ ಬರ್ತೀನಿ.’’

ವಾರ ಕಳೆದು ಹೆಡ್‌ಮಾಸ್ಟರು ಬಂದರು. ‘‘ಒಂದು ಲೀಟರು ಹಾಲು. ಪಾತ್ರೆ ಮುಕ್ಕಾಲು ಲೀಟರಿಂದು. ಎಷ್ಟು ಪಾತ್ರೆ?’’

ಹುಡುಗಿ ನೆಲ ನೋಡಿದಳು. ಕಿಟಕಿಯಾಚೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅದರ ಕಿರಕಿರ ಸದ್ದು ದೂರವಾಯಿತು.

‘‘ನೋಡಮ್ಮ, ಅದನ್ನ ತಿರುಗಿಸಿ...’’ ಎಂದು ಹೆಡ್‌ಮಾಸ್ಟರು ಬಾಯಿ ತೆಗೆದರು. ಟೀಚರು ತುಟಿಯ ಮೇಲೆ ಬೆರಳಿಟ್ಟು ಅವರತ್ತ ನೋಡಿದರು. ಹೆಡ್‌ಮಾಸ್ಟರು ಕಕ್ಕಾಬಿಕ್ಕಿಯಾಗಿ ಬಾಯಿ ಮುಚ್ಚಿದರು.

‘‘ಒಂದು ಪಾತ್ರೆ ತುಂಬತ್ತೆ,’’ ಎಂದಳು ಹುಡುಗಿ. ‘‘ಮಿಕ್ಕಿದ್ದು ಕಾಲು ಲೀಟರೇ. ಆದ್ರೆ ಈ ಸಲ ಪಾತ್ರೆ ದೊಡ್ಡದಲ್ವ ಸರ್, ಅರ್ಧ ತುಂಬಲ್ಲ. ಮೂರರಲ್ಲಿ ಒಂದು ಪಾಲು ಅಷ್ಟೆ.’’

ಹೆಡ್‌ಮಾಸ್ಟರು ಬೆರಳು ಮಡಿಸಿ ನೋಡಿದರು. ಬಿಡಿಸಿ ಮತ್ತೆ ಮಡಿಸಿದರು.

‘‘ಹೋಗಮ್ಮ,’’ ಎಂದರು, ‘‘ನಿನ್ನ ಜಾಗದಲ್ಲೇ ಕೂತ್ಕೋ.’’