ಹನ್ನೆರಡನೇ ಗೆರೆ

ನನಗೆ ಒಂದು ಕಡೆ ನಿಲ್ಲುವುದು ಬರುವುದಿಲ್ಲ. ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲಿಗೆ ಹೋಗಿರುತ್ತೇನೆ, ಹಾಲು ಉಕ್ಕುವ ಮೊದಲೇ ಒಲೆ ಆರಿಸಿರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಕ್ಕ ಹೇಳುತ್ತಾಳೆ. ಭಾವ ನನ್ನನ್ನು ಕರೆಯುವುದೇ ಗಡಿಬಿಡಿ ಎಂದು. ಇಂಥವಳಿಗೆ ಸಿಕ್ಕ ಕೆಲಸ ನೋಡಿ: ದಿನಾ ಸಂಜೆ ಮನರಂಜನಾ ಪಾರ್ಕಿನ ಟಿಕೆಟ್ ಕಟ್ಟಡದ ತಾರಸಿ ಮೇಲೆ ನಿಂತು ಬಾಣಬಿರುಸಿನ ಫೋಟೊ ತೆಗೆಯುವುದು. ಆ ಕೆಲಸ ಕೊಡಿಸಿದವರೂ ಭಾವನೇ, ಹಾಗಾಗಿ ಬೈಯಬೇಕೆಂದರೆ ಅವರನ್ನೇ ಬೈಯಬೇಕು.

ಬಾಣಬಿರುಸಿನ ಫೋಟೊ ಎಂದರೆ ಒತ್ತಿ ಬಿಟ್ಟರೆ ಆಗುವ ಕೆಲಸವಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಅದರಿಂದ ಹೊರಟ ತಂತಿಯ ತುದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಮೇಲೇರಿದ ಒಂದೊಂದು ಶೆಲ್ಲೂ, ಅಂದರೆ ಮದ್ದು ತುಂಬಿದ ಗುಂಡೂ, ಫೋಟೊದಲ್ಲಿ ಒಂದೊಂದು ಬೆಳಕಿನ ಗೆರೆ ಎಳೆಯುತ್ತದೆ. ನಮ್ಮ ಕೆರೆಯ ನಡುಗಡ್ಡೆಯಲ್ಲಿ ಅವುಗಳನ್ನು ಹಾರಿಸುವ ಕಬ್ಬಿಣದ ಕೊಳವೆಗಳನ್ನು ಆರು ಸಾಲಾಗಿ ನಿಲ್ಲಿಸಿರುತ್ತಾರೆ. ಕೊನೆಯ ಸಾಲಿನ ಹನ್ನೆರಡು ಶೆಲ್ಲುಗಳು ಎಡದಿಂದ ಬಲಕ್ಕೆ, ಬೀಸಣಿಗೆ ಬಿಚ್ಚಿದ ಹಾಗೆ, ಒಂದರ ಹಿಂದೊಂದು ಹಾರುತ್ತವೆ. ಹನ್ನೆರಡೂ ಹಾರಲು ನಾಲ್ಕು ಸೆಕೆಂಡು ಬೇಕು.

ಒತ್ತಿ ಹಿಡಿದು ಐದು ಎಣಿಸಿ ಆಮೇಲೆ ಬಿಡು ಎಂದು ಭಾವ ನೂರು ಸಲ ಹೇಳಿದ್ದರು. ಎಣಿಸುತ್ತಲೇ ಇದ್ದೆ, ಆದರೆ ನನ್ನ ಐದು ಬೇರೆಯವರ ಮೂರಕ್ಕೇ ಮುಗಿದುಹೋಗುತ್ತಿತ್ತು. ನನ್ನ ಬೀಸಣಿಗೆಯ ಬಲಗಡೆ ಎಷ್ಟೋ ದಿನ ಒಂದೆರಡು ಕಡ್ಡಿ ಕಮ್ಮಿ ಇರುತ್ತಿದ್ದವು. ಮಾರನೆಯ ದಿನ ಅದೇ ಫೋಟೊ ಹೊರಬಾಗಿಲ ದೊಡ್ಡ ಪರದೆಯ ಮೇಲೆ ಬಂದರೆ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೇ ಹೊರತು ಯಾರೂ ಎಣಿಸುತ್ತಿರಲಿಲ್ಲ. ಭಾವ ಒಬ್ಬರು ಎಣಿಸುತ್ತಿದ್ದರು.

ಬಾಣಬಿರುಸಿನ ತಂಡಕ್ಕೆ ಭಾವನೇ ಮೇಸ್ತ್ರಿ. ಒಂದು ಲೋಟ ನೀರನ್ನೂ ಕೂತೇ ಕುಡಿಯುವ ಮನುಷ್ಯ. ಅವರ ಎಡಗೈ ಮೊಣಕೈವರೆಗೂ ಸುಟ್ಟು ಸುಕ್ಕುಗಟ್ಟಿದೆ. ಹಿಂದೆ ಬೇರೊಂದು ಕಡೆ ಕೆಲಸದಲ್ಲಿದ್ದಾಗ, ಬಾಣಬಿರುಸಿನ ಆಟ ಮುಗಿದ ಕೂಡಲೇ ಕೊಳವೆಗಳನ್ನು ನೋಡಲು ಹೋದರಂತೆ. ಒಂದು ಶೆಲ್ಲು ಹಾರದೆ ಒಳಗೇ ಉಳಿದಿತ್ತು, ಅದರ ಬತ್ತಿ ಮಾತ್ರ ಒಳಗೊಳಗೇ ಉರಿಯುತ್ತಿತ್ತು. ಅಂದಿನಿಂದ ಆಟ ಮುಗಿದ ಮೇಲೆ ಅರ್ಧ ಗಂಟೆ ಯಾರೂ ನಡುಗಡ್ಡೆಗೆ ಕಾಲಿಡಬಾರದು ಎಂಬುದು ಅವರ ಕಟ್ಟಪ್ಪಣೆ. ಬೇಯುವವರೆಗೆ ಕಾದವರು ಆರುವವರೆಗೆ ಕಾಯಬಾರದೇ ಎನ್ನುವುದು ಅವರ ಮಾತು. ಅರ್ಧ ಗಂಟೆಯಾದ ಮೇಲೆ ಹೋಗಿ, ಒಂದೊಂದೇ ಕೊಳವೆ ನೋಡಿ, ಎಲ್ಲ ಖಾಲಿ ಎಂದು ವಾಕಿಟಾಕಿಯಲ್ಲಿ ಹೇಳಿದರೆ ಮಾತ್ರ ಕೆರೆಯಲ್ಲಿ ದೋಣಿ ಸವಾರಿ ಮತ್ತೆ ಶುರು.

ಆ ಅರ್ಧ ಗಂಟೆ ನಮ್ಮ ಹೊಸ ಮ್ಯಾನೇಜರಿಗೆ ಮುಳ್ಳಾಗಿತ್ತು. ಮಾತುಮಾತಿಗೆ ಗಂಟೆ ನೋಡುವ ಅವರಿಗೆ ನಾವು ಇಟ್ಟ ಹೆಸರು ಗಡಿಯಾರ. ದೋಣಿಗೆ ಕಾಯುವ ಜನ ಬೇಸತ್ತು ಮನೆಗೆ ಹೋಗುತ್ತಿದ್ದಾರೆ, ಇನ್ನು ಮುಂದೆ ಹತ್ತೇ ನಿಮಿಷ ಎಂದು ಒಂದು ದಿನ ಬೆಳಿಗ್ಗೆ ಅವರು ಆರ್ಡರ್ ಮಾಡಿದರು. ಭಾವ ತಮ್ಮ ಕೈ ತೋರಿಸಿದರಂತೆ. ಅದು ಹಳೆಯ ಕಾಲದ ಮಾತು, ಈಗಿನ ಶೆಲ್ಲುಗಳು ಹಾಗಿಲ್ಲ, ಆಗುವುದಿಲ್ಲ ಎಂದರೆ ಆಗುತ್ತದೆ ಎನ್ನುವ ತಂಡ ಬೇರೆ ಇದೆ ಎಂದರಂತೆ ಮ್ಯಾನೇಜರು. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ? ಭಾವನ ಕೈಕೆಳಗೆ ಆರು ಜನರ ಹೊಟ್ಟೆಪಾಡಿತ್ತು. ಒಪ್ಪಿಕೊಂಡು ಬಂದರು.

ನನಗೆ ಅವತ್ತು ಬೆಳಗಿನಿಂದಲೇ ಕೈಕಾಲು ಒಂದೆಡೆ ನಿಲ್ಲಲಿಲ್ಲ. ಲೆನ್ಸನ್ನು ನಾಲ್ಕು ಸಲ ಒರೆಸಿದೆ. ತಾರಸಿಗೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಆಟ ಶುರುವಾದ ಮೇಲೂ ನನ್ನ ಕಣ್ಣು ಆಕಾಶದ ಮೇಲಿರಲಿಲ್ಲ, ನಡುಗಡ್ಡೆಯಿಂದ ತುಸು ದೂರದಲ್ಲಿ ನಿಂತಿದ್ದ ಭಾವನ ದೋಣಿಯ ಕೆಂಪು ದೀಪದ ಮೇಲಿತ್ತು. ಕೊನೆಯ ಸಾಲು ಹಾರುವಾಗ ಗುಂಡಿ ಒತ್ತಿ ಎಣಿಸತೊಡಗಿದೆ. ಅಷ್ಟರಲ್ಲಿ ಜೇಬಿನ ಫೋನು ಗುಂಯ್‌ಗುಟ್ಟಿತು. ಅಕ್ಕ. ಕೆಲಸದ ಹೊತ್ತಿನಲ್ಲಿ ಭಾವನ ಫೋನು ಬಂದ್ ಆಗಿರುವುದರಿಂದ, ಆಟ ಮುಗಿಯಿತಾ ಎಂದು ದಿನಾ ನನ್ನನ್ನೇ ಕೇಳುತ್ತಾಳೆ. ನನ್ನ ಹೆಬ್ಬೆರಳು ತಾನಾಗಿಯೇ ಎದ್ದುಬಿಟ್ಟಿತು.

ಅಕ್ಕನಿಗೆ ಮುಗಿಯಿತು ಎಂದೆ. ಹತ್ತು ನಿಮಿಷದ ಸುದ್ದಿ ಹೇಳಲಿಲ್ಲ. ಹೇಳಿ ಅವಳ ನಿದ್ದೆ ಯಾಕೆ ಕೆಡಿಸಲಿ? ಫೋನು ಇಟ್ಟು ಸ್ಟ್ಯಾಂಡ್ ಮಡಚಿದೆ, ತಂತಿ ಸುತ್ತಿದೆ, ಗಂಟೆ ನೋಡಿದೆ. ಆಟ ಮುಗಿದು ಒಂಬತ್ತು ನಿಮಿಷವಾಗಿತ್ತು. ಕೆಂಪು ದೀಪ ನಡುಗಡ್ಡೆಯ ಕಡೆ ಮೆಲ್ಲಗೆ ಸರಿಯತೊಡಗಿತು. ಸುಮ್ಮನಿರಲಾರದೆ ಕ್ಯಾಮೆರಾದಲ್ಲಿ ಕೊನೆಯ ಫೋಟೊ ತೆರೆದು ನೋಡಿದೆ. ಗೆರೆ ಎಣಿಸಿದೆ. ಹನ್ನೊಂದು. ಬಲತುದಿಯಲ್ಲಿ ಕಪ್ಪು ಆಕಾಶ.

ಹಿಂದೆಮುಂದೆ ನೋಡದೆ ವಾಕಿಟಾಕಿ ಬಾಯಿಗೆ ಹಿಡಿದೆ.

"ಭಾವ, ಇಳೀಬೇಡಿ. ಒಂದು ಹಾರಿಲ್ಲ. ಫೋಟೊದಲ್ಲಿ ಹನ್ನೊಂದೇ ಗೆರೆ ಇದೆ."

ಕೆಂಪು ದೀಪ ನಿಂತಿತು. ಆಮೇಲೆ ಭಾವನ ದನಿ ಬಂತು.

"ಐದು ಎಣಿಸಿದ್ಯಾ?"

ಆಗ ನಾನು ಫೋಟೊದ ಕೆಳಗಿನ ಅಂಕಿ ನೋಡಿದೆ. ಎಷ್ಟು ಹೊತ್ತು ಶಟರ್ ತೆರೆದಿತ್ತು ಎಂದು ಕ್ಯಾಮೆರಾ ತಾನೇ ಬರೆದಿಡುತ್ತದೆ, ಅದಕ್ಕೆ ದಾಕ್ಷಿಣ್ಯವಿಲ್ಲ. ಮೂರು ಸೆಕೆಂಡು, ಮೇಲೆ ಚೂರು. ಹನ್ನೆರಡನೆಯದು ಹಾರುವ ಮೊದಲೇ ನಾನು ಬಿಟ್ಟುಬಿಟ್ಟಿದ್ದೆ. ಅದು ಹಾರಿರಲಿಲ್ಲ ಎಂದಲ್ಲ, ನಾನು ನೋಡಿರಲಿಲ್ಲ ಅಷ್ಟೆ. ನಿಜ ಹೇಳಿದರೆ ಭಾವ ಒಂದು ಸಲ ನಕ್ಕು ಇಳಿಯುತ್ತಾರೆ. ಅವರು ಇಳಿಯುವುದು ನನಗೆ ಬೇಡವಾಗಿತ್ತು. ಅದಕ್ಕೆ ಆಧಾರ ಏನೂ ಇರಲಿಲ್ಲ. ಬೆಳಗಿನಿಂದ ಬಿಡದ ಹೆದರಿಕೆ ಒಂದೇ.

"ಐದೂ ಎಣಿಸಿದೆ ಭಾವ," ಎಂದೆ.

ಕೆಂಪು ದೀಪ ಹಿಂದಕ್ಕೆ ಸರಿಯಿತು.

ನಾನು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಎರಡೆರಡು ಮೆಟ್ಟಿಲು ಹಾರಿ ದೋಣಿಕಟ್ಟೆಗೆ ಓಡಿದೆ. ಅಲ್ಲಿ ಇನ್ನೂರು ಮುನ್ನೂರು ಜನ ಸಾಲಾಗಿ ನಿಂತಿದ್ದರು. ವಾಕಿಟಾಕಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಗಡಿಯಾರ ಮ್ಯಾನೇಜರು ಮುಖ ಗಂಟಿಕ್ಕಿಕೊಂಡು ಕಾದಿದ್ದರು. ಎಲ್ಲಿ, ತೋರಿಸಿ ನಿಮ್ಮ ಫೋಟೊ ಎಂದರು. ತೋರಿಸಿದೆ. ತೋರಿಸುವಾಗ ಕೆಳಗಿನ ಅಂಕಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೆ. ಐದು ಸೆಕೆಂಡು ಗುಂಡಿಯ ಮೇಲೆ ನಿಲ್ಲದ ಬೆರಳು ಅಲ್ಲಿ ಎಷ್ಟು ಹೊತ್ತಾದರೂ ಕದಲಲಿಲ್ಲ. ಅವರು ಎರಡು ಸಲ ಗೆರೆ ಎಣಿಸಿ, ಹೊಗೆ ಅಡ್ಡ ಬಂದಿರಬಹುದು, ಇನ್ನು ಐದು ನಿಮಿಷ ನೋಡಿ ಕಳಿಸುತ್ತೇನೆ ಎಂದರು. ಭಾವ ದೋಣಿಯಿಂದಲೇ ವಾಕಿಟಾಕಿಯಲ್ಲಿ, ಅರ್ಧ ಗಂಟೆಗೆ ಒಂದು ನಿಮಿಷ ಕಮ್ಮಿಯಾದರೂ ಹೋಗುವುದಿಲ್ಲ ಎಂದರು. ಫೋಟೊ ಕಣ್ಣೆದುರಿಗಿದ್ದುದರಿಂದ ಮ್ಯಾನೇಜರು ಕಾಯಲು ಒಪ್ಪಿಕೊಂಡರು.

ಆ ಕಾಯುವಿಕೆ ನನಗೆ ಶಿಕ್ಷೆಯಾಗಿತ್ತು. ಕಟ್ಟೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು, ನೀನು ನಡೆಯೋದು ನೋಡಿ ನನಗೆ ತಲೆ ಸುತ್ತುತ್ತಮ್ಮ ಎಂದರು. ಸುಳ್ಳು ಹೇಳಿ ಇಷ್ಟು ಜನರನ್ನು ನಿಲ್ಲಿಸಿದ್ದೇನೆ, ಎಲ್ಲ ಕೊಳವೆಯೂ ಖಾಲಿ ಎಂದಾದರೆ ನನ್ನ ಜೊತೆಗೆ ಭಾವನ ಮಾನವೂ ಹೋಗುತ್ತದೆ ಎಂದು ಒಂದು ಸುತ್ತಿನಲ್ಲಿ ಅನಿಸುತ್ತಿತ್ತು. ಹೋದರೆ ಹೋಗಲಿ, ಖಾಲಿಯಾಗಿಯೇ ಇರಲಿ ಎಂದು ಇನ್ನೊಂದು ಸುತ್ತಿನಲ್ಲಿ.

ಹತ್ತೊಂಬತ್ತನೆಯ ನಿಮಿಷಕ್ಕೆ ನಡುಗಡ್ಡೆಯಲ್ಲಿ ಧಡ್ ಎಂದಿತು. ಒಂದೇ ಒಂದು ಶೆಲ್ಲು, ಸೊಟ್ಟಗೆ, ಮರದೆತ್ತರಕ್ಕೆ ಎದ್ದು ಸಿಡಿಯಿತು. ಕೆಂಪು ಕಿಡಿಗಳು ಕೊಳವೆಗಳ ನಡುವಿನ ಓಣಿಗಳಲ್ಲೆಲ್ಲ ಉದುರಿದವು. ಹತ್ತು ನಿಮಿಷಕ್ಕೇ ಇಳಿದಿದ್ದರೆ ಸರಿಯಾಗಿ ಆ ಓಣಿಯಲ್ಲಿ ಭಾವ ಬಗ್ಗಿ ನಿಂತಿರುತ್ತಿದ್ದ ಹೊತ್ತು ಅದು. ಸಾಲಿನಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ನಾನು ಕಟ್ಟೆಯ ಮೇಲೇ ಕೂತುಬಿಟ್ಟೆ. ಗಡಿಯಾರ ಮ್ಯಾನೇಜರು ಒಂದು ಸಲವೂ ಗಂಟೆ ನೋಡಲಿಲ್ಲ.

ಮತ್ತೆ ಅರ್ಧ ಗಂಟೆ ಕಾದು, ಪೈಪಿನಿಂದ ನೀರು ಹೊಡೆದು, ಎಲ್ಲ ನೋಡಿಕೊಂಡು ಭಾವ ದಡಕ್ಕೆ ಬಂದರು. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಹಾರಿದ್ದು ಕೊನೆಯ ಸಾಲಿನದಲ್ಲ, ಎರಡನೆಯ ಸಾಲಿನದು ಎಂದು ಮೆಲ್ಲಗೆ ಹೇಳಿದರು. ಕೊನೆಯ ಸಾಲಿನ ಹನ್ನೆರಡೂ ಮೊದಲೇ ಹಾರಿಹೋಗಿದ್ದವಂತೆ. ಎರಡನೆಯ ಸಾಲು ಹಾರುವಾಗ ನಾನು ಫೋಟೊ ತೆಗೆದೇ ಇರಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು.

ಮ್ಯಾನೇಜರಿಗೆ ಯಾವ ಸಾಲಾದರೇನು? ಅವರ ಮುಖಕ್ಕೆ ಬಣ್ಣ ಮರಳಿತ್ತು. ತಂಡದವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಈಯಮ್ಮನ ಕ್ಯಾಮೆರಾ ನಮ್ಮ ಮಾನ ಉಳಿಸಿತು ಎಂದರು. ನಾಳೆಯಿಂದ ಆರೂ ಸಾಲಿನ ಫೋಟೊ ತೆಗೆಯಲಿ ಎಂದರು. ಗೆರೆ ಕಮ್ಮಿ ಬಂದ ದಿನ ಅರ್ಧ ಗಂಟೆ, ಬೇಕಾದರೆ ಒಂದು ಗಂಟೆ ಕಾಯೋಣ. ಗೆರೆ ಎಲ್ಲ ಸರಿಯಿದ್ದ ದಿನ ಹತ್ತು ನಿಮಿಷವೂ ಬೇಡ, ಈಯಮ್ಮ ಹೂಂ ಎಂದ ಕೂಡಲೇ ಇಳಿಯಬಹುದು.

ತಂಡದವರು ತಲೆಯಾಡಿಸಿದರು. ಒಬ್ಬ ನನ್ನ ಬೆನ್ನು ತಟ್ಟಿದ. ಭಾವ ನೆಲ ನೋಡುತ್ತ ನಿಂತಿದ್ದರು. ಅವರು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಾಯಿತು. ಹೆಂಡತಿಯ ತಂಗಿಯನ್ನು ನಾಲ್ಕು ಜನರ ಮುಂದೆ ಸಣ್ಣವಳನ್ನಾಗಿ ಮಾಡುವ ಜಾತಿಯಲ್ಲ ಅವರು. ನಾನು ಸುಮ್ಮನಿದ್ದರೆ ನಾಳೆ ಏಳು ಜನ ನನ್ನ ಹೆಬ್ಬೆರಳನ್ನು ನಂಬಿ ಆ ಓಣಿಗೆ ಇಳಿಯುತ್ತಾರೆ. ಹೊಗಳಿಕೆ ಕೇಳಿ ಒಂದು ಕ್ಷಣ ಹಿಗ್ಗಿದ್ದೂ ನಿಜ. ಆ ಹಿಗ್ಗಿಗೇ ನಾಚಿಕೆಯಾಯಿತು.

ಕ್ಯಾಮೆರಾ ತೆಗೆದು ಮ್ಯಾನೇಜರ ಮುಂದೆ ಹಿಡಿದೆ. ಹೆಬ್ಬೆರಳು ಪಕ್ಕಕ್ಕೆ ಸರಿಸಿದೆ.

"ಸರ್, ಈ ನಂಬರ್ ನೋಡಿ. ಮೂರು ಸೆಕೆಂಡಿಗೇ ಬಿಟ್ಟುಬಿಟ್ಟಿದ್ದೆ. ಐದು ಎಣಿಸಿದೆ ಅಂದಿದ್ದು ಸುಳ್ಳು."

ಅವರು ಅಂಕಿ ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ಶೆಲ್ಲು ಉಳಿದಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ಲಿಲ್ಲ ಸರ್. ಹೆದರಿಕೆ ಆಯ್ತು."

ಬೆನ್ನು ತಟ್ಟಿದವನು ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಕಿವಿ ಕಾದುಹೋಗಿತ್ತು. ಎಲ್ಲಾದರೂ ಓಡಿಹೋಗೋಣ ಎಂದು ಕಾಲುಗಳು ತವಕಿಸುತ್ತಿದ್ದವು. ಆಗ ಭಾವ ತಲೆಯೆತ್ತಿದರು.

"ಅವಳು ಐದು ಎಣಿಸಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು ಸರ್. ಅವಳು ಯಾವತ್ತೂ ಎಣಿಸಲ್ಲ. ಆದ್ರೆ ನನ್ನ ಹತ್ರ ಯಾವತ್ತೂ ಸುಳ್ಳೂ ಹೇಳಿದವಳಲ್ಲ. ಇವತ್ತು ಹೇಳಿದ್ಲು ಅಂದ್ರೆ ಎಷ್ಟು ಹೆದರಿರ್ಬೇಕು ಅನ್ನಿಸ್ತು. ಅದಕ್ಕೇ ಹಿಂದೆ ಬಂದೆ."

ನಾನು ಎಲ್ಲರ ಮುಂದೆಯೇ ಅತ್ತೆ. ತಡೆಯಲು ಆಗಲಿಲ್ಲ, ತಡೆಯಲೂ ಇಲ್ಲ. ಭಾವ ನನ್ನ ಕಡೆ ನೋಡದೆ, ಆ ಸುಟ್ಟ ಎಡಗೈಯನ್ನು ನೋಡುತ್ತ ತೋಳಿನ ಮಸಿ ಒರೆಸಿಕೊಳ್ಳುತ್ತಿದ್ದರು. ಅರ್ಧ ಗಂಟೆ ಬೇಕು ಸರ್, ಫೋಟೊ ಇರಲಿ ಬಿಡಲಿ ಎಂದರು. ಮ್ಯಾನೇಜರು ನಡುಗಡ್ಡೆಯ ಕಡೆ ನೋಡಿ, ಆಯಿತು ಎಂದರು.

ನನ್ನನ್ನು ಮಾತ್ರ ತಾರಸಿಯಿಂದ ಇಳಿಸಿದರು. ಸುಳ್ಳು ಸುಳ್ಳೇ ತಾನೆ, ನಾನೂ ವಾದಿಸಲಿಲ್ಲ. ಈಗ ಮುಂಬಾಗಿಲಲ್ಲಿ ನಿಂತು ಒಳಗೆ ಬರುವ ಸಂಸಾರಗಳ ಫೋಟೊ ತೆಗೆಯುತ್ತೇನೆ. ಒತ್ತಿ ಬಿಟ್ಟರೆ ಮುಗಿಯಿತು, ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. ಅಲ್ಲಿಂದ ಆಕಾಶ ಕಾಣುವುದಿಲ್ಲ, ಕಟ್ಟಡ ಅಡ್ಡ. ಸದ್ದು ಕೇಳುತ್ತದೆ. ಸದ್ದು ನಿಂತ ಮೇಲೆ, ಎಲ್ಲ ಖಾಲಿ ಎಂದು ವಾಕಿಟಾಕಿಯಲ್ಲಿ ಭಾವನ ದನಿ ಬರುವವರೆಗೆ, ನಾನು ಬಾಗಿಲ ಮುಂದೆ ಆಚೀಚೆ ತಿರುಗುತ್ತಲೇ ಇರುತ್ತೇನೆ. ಕಾವಲಿನವನು ಕುರ್ಚಿ ಕೊಟ್ಟರೂ ಕೂರುವುದಿಲ್ಲ. ದಿನಾ ಆ ಅರ್ಧ ಗಂಟೆ ನನ್ನ ಜೀವ ತಿನ್ನುತ್ತದೆ, ಆದರೆ ಅದರಲ್ಲಿ ಒಂದು ನಿಮಿಷ ಕಮ್ಮಿಯಾದರೂ ಮ್ಯಾನೇಜರ ಬಾಗಿಲು ಬಡಿಯುವವಳು ನಾನೇ.