ಪೈ ನುಂಗಿದ ಕಥೆಗಳು

ಎರಡು ಪರದೆಯ ನಮ್ಮ ಹಳೆಯ ಗೇಮ್ ಯಂತ್ರದಲ್ಲಿ ಈಗ ಆಟಗಳಿಲ್ಲ. ಅಣ್ಣ ತಾನೇ ಬರೆದು ಹಾಕಿದ ಆ್ಯಪ್ ಒಂದಿದೆ. ಅದು ಎಂದೂ ಮುಗಿಯದ ಪೈ ಸಂಖ್ಯೆಯ ಅಂಕಿಗಳನ್ನು ಲೆಕ್ಕಹಾಕುತ್ತಾ ಮೆಮೊರಿ ಕಾರ್ಡಿಗೆ ಬರೆಯುತ್ತದೆ. ಅದೇ ಕಾರ್ಡಿನಲ್ಲಿ ಅಜ್ಜಿಯ ಒಂಬತ್ತು ಕಥೆಗಳಿದ್ದವು. ಚಿಕ್ಕವಳಿದ್ದಾಗ ಯಂತ್ರದ ಮೈಕಿನಲ್ಲಿ ನಾನೇ ಹಿಡಿದಿಟ್ಟದ್ದು. ಅಜ್ಜಿ ಹೋಗಿ ಆರು ವರ್ಷ. ಕಂಪ್ಯೂಟರಿಗೆ ಹಾಕಿಡೋಣ ಎಂದುಕೊಂಡದ್ದೇ ಬಂತು.

'ಹತ್ತು ಲಕ್ಷ ಅಂಕಿ ಅಂತ ಕೊಟ್ಬಿಡು' ಎಂದು ಹೇಳಿ ಅಣ್ಣ ಬೆಳಿಗ್ಗೆ ಕೆಲಸಕ್ಕೆ ಹೋದ. ನಾನು ಆಸೆಬುರುಕಿ, ಒಂದು ಸೊನ್ನೆ ಹೆಚ್ಚಿಗೆ ಒತ್ತಿದೆ.

ಮಧ್ಯಾಹ್ನ ನೋಡಿದರೆ ಕೆಳಗಿನ ಪರದೆಯಲ್ಲಿ ಸಣ್ಣ ಅಕ್ಷರ: ಜಾಗವಿಲ್ಲ, ಹಳೆಯ ಕಡತ ಅಳಿಸಲಾಗಿದೆ. ಪಟ್ಟಿಯಲ್ಲಿ ಮೊದಲ ಕಥೆ ಇರಲಿಲ್ಲ. ನೋಡನೋಡುತ್ತ ಎರಡನೆಯದೂ ಹೋಯಿತು.

ಫೋನ್ ಮಾಡಿದೆ. 'ಅಣ್ಣಾ, ನಿನ್ನ ಆ್ಯಪ್ ಅಜ್ಜೀನ ತಿಂತಿದೆ.'

ವಿಷಯ ತಿಳಿದು ಅವನೆಂದ: 'ಹಳೇ ಅಂಕಿ ಅಳಿಸಿ ಜಾಗ ಮಾಡ್ಕೊಳ್ಳಲಿ ಅಂತ ಬರೆದಿದ್ದೆ ಕಣೇ. ಅಂಕಿ ಯಾವ್ದು, ಅಜ್ಜಿ ಯಾವ್ದು, ಅದಕ್ಕೇನ್ ಗೊತ್ತು.'

'ನಿಲ್ಲಿಸೋ ಬಟನ್ ಯಾವ್ದು?'

'ಅದನ್ನ ಈ ವಾರ ಬರೆಯೋಣ ಅಂತಿದ್ದೆ.'

'ನಿನ್ನ ತಲೆ.'

'ಆ್ಯಪ್ ಓಡ್ವಾಗ ಆಫ್ ಬಟನ್ನೂ ಕೇಳಲ್ಲ, ಕಾರ್ಡ್ ಕಿತ್ತುಬಿಡು. ಆದ್ರೆ ಹಸಿರು ದೀಪ ಉರೀವಾಗ ಮುಟ್ಬೇಡ. ಆಗ ಬರೀತಿರತ್ತೆ. ಕಿತ್ರೆ ಇಡೀ ಕಾರ್ಡೇ ಹಾಳು.'

ದೀಪ ಹತ್ತುತ್ತಿತ್ತು, ಆರುತ್ತಿತ್ತು. ಕಾರ್ಡಿನ ಅಂಚಿಗೆ ಉಗುರು ಕೊಟ್ಟೆ. ಬೆವರಿಗೆ ಉಗುರು ಜಾರಿತು. ಮೂರನೆಯ ಕಥೆ ಹೋಯಿತು.

ಐದನೆಯ ಕಥೆಯಲ್ಲಿ ಬಾಗಿಲು ಕಾಯುವ ಭೂತವೊಂದಿದೆ. ಅದು ಕೂತು ಸಾಸಿವೆ ಎಣಿಸುತ್ತದೆ, ನೂರಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತದೆ. ಒಳಗೆ ಸಿಕ್ಕಿಬಿದ್ದ ಹುಡುಗಿ ಆ ಒಂದು ಉಸಿರಿನಲ್ಲೇ ಹೊಸ್ತಿಲು ದಾಟಬೇಕು. 'ಓಡ್ಬೇಡ, ಮೊದ್ಲು ಅದರ ಉಸಿರು ನೋಡ್ಕೋ' ಎನ್ನುತ್ತಿದ್ದಳು ಅಜ್ಜಿ.

ನೋಡಿದೆ. ದೀಪ ಆರಿತು, ಒಂದು, ಎರಡು, ಮೂರು, ಹತ್ತಿತು. ಇನ್ನೊಮ್ಮೆಯೂ ಮೂರೇ. ಅಷ್ಟರಲ್ಲಿ ನಾಲ್ಕನೆಯದು ಹೋಯಿತು. ಮುಂದಿನದು ಐದು. ದೀಪ ಆರಿತು. ಒಂದು ಎನ್ನುವಷ್ಟರಲ್ಲಿ ಕಿತ್ತೆ.

ಮೇಲಿನ ಪರದೆಯಲ್ಲಿ ಅಂಕಿಗಳು ಓಡುತ್ತಲೇ ಇದ್ದವು. ಅದಕ್ಕೆ ಏನೂ ಆಗಿರಲಿಲ್ಲ. ಯಂತ್ರವನ್ನು ಬೋರಲು ಹಾಕಿದೆ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಲು ಕೈ ಬರಲೊಲ್ಲದು. ಕೊನೆಗೆ ಹಾಕಿದೆ. ಐದನೆಯದನ್ನು ಒತ್ತಿದೆ. ಏನೂ ಇಲ್ಲ. ಬರೀ ಗಾಳಿಯ ಸದ್ದು. ಆಮೇಲೆ ಒಂದು ಕೆಮ್ಮು.

'ಹೂಂ ಅಂತಿರ್ಬೇಕು. ಇಲ್ಲಾಂದ್ರೆ ಕಥೆ ಅಲ್ಲೇ ನಿಲ್ಲಿಸಿಬಿಡ್ತೀನಿ.'

ಎಳೆಯ ದನಿಯೊಂದು ಹೂಂ ಎಂದಿತು. ಅದರ ಜೊತೆಗೆ ನಾನೂ ಎಂದೆ. ಕಥೆ ಮುಗಿಯುವ ತನಕ ಒಂದು ಸಲವೂ ತಪ್ಪಿಸಲಿಲ್ಲ.