ಎರಡನೇ ತಲೆಬರಹ

ತಗಡಿನ ಶೆಡ್ಡಿನೊಳಗೆ ಕಾಲಿಡುತ್ತಿದ್ದಂತೆ ಗುಲಾಬಿ ಮುಳ್ಳೊಂದು ಪದ್ಮಶ್ರೀಯ ಚಪ್ಪಲಿಯ ಅಟ್ಟೆಗೆ ಚುಚ್ಚಿಕೊಂಡಿತು, ಕೀಳಲು ಬಗ್ಗಿದರೆ ಕಣ್ಣಿಗೆ ಬಿದ್ದಿದ್ದು ಸಾಲಾಗಿ ಬರಿಗಾಲು, ಕತ್ತರಿಸಿ ಚೆಲ್ಲಿದ ಎಲೆ, ಬಕೆಟ್ಟಿನಿಂದ ತುಳುಕಿದ ನೀರು, ಕೊನೆಯ ಎರಡು ಕಾಲುಗಳ ಹಿಮ್ಮಡಿ ಒಡೆದಿತ್ತು, ಅವು ಕದಿರಮ್ಮನವು, ಮುಖ ನೋಡಬೇಕಾಗಿರಲಿಲ್ಲ — ಇಪ್ಪತ್ತೆರಡು ದಿನದ ಹಿಂದೆ ಇವೇ ಕಾಲುಗಳು ಸೂಳಗಿರಿಯ ಹೆದ್ದಾರಿಯಲ್ಲಿ ಮಗಳು ಮಂಗಳಾಳ ಹೆಣದ ಪಕ್ಕ ನಿಂತಿದ್ದವು, ಅಲ್ಲೇ ಒಂದು ಮಾರು ದೂರದಲ್ಲಿ ಪ್ಲಾಸ್ಟಿಕ್ ಕವರಿನಿಂದ ಹೊರಬಿದ್ದ ಹೊಸ ಚಪ್ಪಲಿ, ಎರಡನ್ನೂ ಸೇರಿಸಿ ಕಟ್ಟಿದ ಬಿಳಿ ದಾರ, ಬಿಚ್ಚಿರದ ದಾರ. ಯಾರು ಬೇಕಾಗಿತ್ತು, ಎಂದು ಕೇಳಿದವಳು ಶೆಡ್ಡಿನ ಮೇಸ್ತ್ರಿ ಆದಿಲಕ್ಷ್ಮಿ, ಕೈ ಮಾತ್ರ ನಿಲ್ಲಲಿಲ್ಲ, ಇಪ್ಪತ್ತು ಮೊಗ್ಗು, ಸುತ್ತಲೂ ಹಳೇ ಪೇಪರಿನ ಅರ್ಧ ಹಾಳೆ, ರಬ್ಬರ್ ಬ್ಯಾಂಡು, ಓ ಪೇಪರ್ನೋರಾ, ಬನ್ನಿ ಬನ್ನಿ, ನಿಮ್ ಪೇಪರ್ ಬಲು ಒಳ್ಳೇದು ಕಣಮ್ಮ, ದಪ್ಪಗೈತೆ, ಹೂ ಬಾಡಾಕಿಲ್ಲ, ಆದ್ರೆ ಈಗೀಗ ಪುಟ ಕಮ್ಮಿ ಮಾಡ್ಬುಟ್ಟವ್ರೆ, ನಾಕು ಕಟ್ಟು ಸುತ್ತೋದ್ರಾಗೆ ಮುಗ್ದೋಯ್ತದೆ, ನಿಮ್ ಓನರ್ಗೆ ಒಸಿ ಹೇಳಿ — ಹೆಂಗಸರು ನಕ್ಕರು, ಕದಿರಮ್ಮ ನಗಲಿಲ್ಲ, ಪುಟ ಕಮ್ಮಿಯಲ್ಲ, ಮುಂದಿನ ತಿಂಗಳಿಂದ ಹೊಸೂರಿಗೆ ಅಚ್ಚಾದ ಪುಟವೇ ಇಲ್ಲ ಎಂಬುದು ಪದ್ಮಶ್ರೀಗೆ ಗೊತ್ತಿತ್ತು, ದೇಶವೆಲ್ಲ ಓದುವ ಪತ್ರಿಕೆ, ಊರೂರಲ್ಲಿ ಅಚ್ಚು ನಿಲ್ಲಿಸಿ ಫೋನಿಗೆ ಹೋಗುತ್ತಿದೆ, ಜಾಹೀರಾತು ಹೋದ ದಾರೀಲೇ ನಾವೂ ಹೋಗ್ಬೇಕು ಪದ್ಮಶ್ರೀ, ಇಲ್ಲಾಂದ್ರೆ ಬಾಗಿಲು ಹಾಕೋದೇ, ಬೆಂಗಳೂರಿನ ಡಿಜಿಟಲ್ ಸಂಪಾದಕ ಪ್ರಮೋದ್ ಹೇಳುವುದರಲ್ಲಿ ತಪ್ಪೇನಿದೆ, ಆಲಸನತ್ತಂನ ಮನೆಯಲ್ಲಿ ಅವಳ ಅಪ್ಪನೇ ಪೇಪರು ಮಡಚಿದ್ದು ಮಡಚಿದಂತೆಯೇ ಇಟ್ಟು ಫೋನಿನಲ್ಲಿ ಓದುತ್ತಾರೆ, ಜಿಲ್ಲೆಯ ಐವರು ವರದಿಗಾರರಲ್ಲಿ ನಾಲ್ವರಿಗೆ ಮನೆಗೆ ಹೋಗಿ ಎಂಬ ಪತ್ರ ಬಂತು, ಅವಳಿಗೆ ಬರಲಿಲ್ಲ, ಯಾಕೆಂದರೆ ಮಂಗಳಾ ಸತ್ತ ಸುದ್ದಿಯನ್ನು ಆರು ಲಕ್ಷ ಜನ ಒತ್ತಿ ನೋಡಿದ್ದರು.

ಫೋನಿಗೆ ಸುದ್ದಿ ಹಾಕುವಾಗ ತುಂಬಬೇಕಾದ ಆ ಎರಡನೇ ಖಾನೆ. ಖಾಲಿ ಬಿಟ್ಟರೆ ಸುದ್ದಿ ಮುಂದಕ್ಕೇ ಹೋಗುವುದಿಲ್ಲ, ಹೊಸ ಪದ್ಧತಿ, ಪ್ರತಿ ಸುದ್ದಿಗೂ ಎರಡು ತಲೆಬರಹ, ಹತ್ತು ನಿಮಿಷ ಎರಡನ್ನೂ ಹರಿಯಬಿಟ್ಟು ಹೆಚ್ಚು ಜನ ಒತ್ತಿದ್ದನ್ನು ಯಂತ್ರವೇ ಉಳಿಸಿಕೊಳ್ಳುತ್ತದೆ, ಮಂಗಳಾ ಸತ್ತ ದಿನ ಪದ್ಮಶ್ರೀ ಮೊದಲನೆಯದರಲ್ಲಿ ಬರೆದಳು, ಲಾರಿ ಡಿಕ್ಕಿ, ಕಾರ್ಖಾನೆ ಕಾರ್ಮಿಕೆ ಸಾವು, ಎರಡನೆಯದಕ್ಕೆ ಏನೂ ತೋಚದೆ, ಕಂಪನಿ ಬಸ್ಸಿನ ಡ್ರೈವರ್ ಅಂದದ್ದು ನೆನಪಾಗಿ, ಆ ಹುಡುಗಿ ದಿನಾ ಇಳಿಯೋ ಸ್ಟಾಪಲ್ಲಿ ಇಳೀಲಿಲ್ಲ ಮೇಡಂ, ಸುಮ್ಮನೆ, ಖಾನೆ ತುಂಬಲಿ ಅಂತ — ತನ್ನ ಸ್ಟಾಪ್ ಬಿಟ್ಟು ಇಳಿದ ಯುವತಿ: ಆ ಸಂಜೆ ಯಾರಿಗಾಗಿ? ಯಾರಿಗಾಗಿ ಎಂದು ಅವಳಿಗೆ ಗೊತ್ತಿತ್ತು, ಆ ಚಪ್ಪಲಿ ಹುಡುಗಿಯರು ಹಾಕುವಂಥದ್ದಲ್ಲ, ಅಗಲ ಪಟ್ಟಿಯದು, ವಯಸ್ಸಾದ ತಾಯಿಯ ಒಡೆದ ಪಾದಕ್ಕೆ ಕೊಂಡದ್ದು, ದಾರವನ್ನೂ ನೋಡಿದ್ದಳು, ನೋಡಿಯೂ ಬರೆದಳು, ಇದನ್ನು ಯಾರು ಒತ್ತುತ್ತಾರೆ ಅಂದುಕೊಂಡು ಚಹಾಕ್ಕೆ ಎದ್ದಳು, ಲೋಟ ಕೆಳಗಿಡುವಷ್ಟರಲ್ಲಿ ಯಂತ್ರ ಎರಡನೆಯದನ್ನೇ ಆರಿಸಿಯಾಗಿತ್ತು, ಹನ್ನೊಂದನೇ ದಿನದ ತಿಥಿಯಲ್ಲಿ ಎಲೆ ಮುಂದೆ ಕೂತವರೇ ಕದಿರಮ್ಮನನ್ನು ಕೇಳಿದರಂತೆ, ಯಾರಂತೆ ಅವ್ನು?

ಅಮ್ಮಾ, ಎಂದಳು ಪದ್ಮಶ್ರೀ, ಬ್ಯಾಗಿನಿಂದ ಅಚ್ಚಾದ ಪುಟ ತೆಗೆದಳು, ನೋಡಿ, ಪೇಪರಲ್ಲಿ ಸರಿಯಾಗೇ ಹಾಕಿದ್ವಿ — ಕದಿರಮ್ಮ ತೆಗೆದುಕೊಂಡಳು, ಮಗಳ ಫೋಟೊದ ಮೇಲೆ ಒದ್ದೆ ಬೆರಳು ಊರದಂತೆ ಅಂಚಿನಲ್ಲಿ ಹಿಡಿದಳು, ಇಂಥವು ನಮ್ಮತ್ರ ಹೊರೆಗಟ್ಲೆ ಬತ್ತವೆ ಕಣವ್ವಾ, ಹೂವಿಗೆ ಸುತ್ತಿ ಕಳಿಸ್ತೀವಿ, ಯಾರು ಓದವ್ರೆ ಇದ್ನ, ಊರೆಲ್ಲ ನೋಡಿದ್ದು ಫೋನ್ನಾಗೆ, ಅಲ್ಲಿಂದ ತಗ್ಸು. ತೆಗ್ಸಿದ್ದೀವಮ್ಮ, ತಲೆಬರಹ ಬದಲಾಯಿಸಿದ್ದೀವಿ, ಜನರು ಹಳೇ ತಲೆಬರಹದ ಫೋಟೊ ತೆಗೆದು ಇಟ್ಕೊಂಡಿರೋದನ್ನ... ಜೇಬಿನಲ್ಲಿ ಫೋನು ನಡುಗಿತು, ಪ್ರಮೋದೇ ಇರಬೇಕು, ಬೆಳಿಗ್ಗೆಯೇ ಹೇಳಿದ್ದ, ತಾಯಿ ಮಾತಾಡ್ಲಿ, ಚಪ್ಪಲಿ ತೋರಿಸ್ಲಿ, ಇವತ್ತು ಐದರೊಳಗೆ ವಿಡಿಯೋ ಬೇಕು, ಬರೀ ಚಂದಾದಾರರಿಗೆ, ಇನ್ನು ಮೇಲೆ ನಮ್ಮ ಅನ್ನ ಅದರಲ್ಲೇ ಇರೋದು, ಹೊಸೂರಿಗೆ ನೀವೇ ಮುಖ್ಯಸ್ಥರು. ನೀವೇ ಹೇಳಿ ಅಮ್ಮಾ, ಎಂದಳು ಪದ್ಮಶ್ರೀ, ಯಾರಿಗೋಸ್ಕರ ಇಳಿದ್ಲು ಅಂತ ಎಲ್ಲರಿಗೂ ಗೊತ್ತಾಗ್ಲಿ. ಎಲ್ರುಗೂನಾ? ಪದ್ಮಶ್ರೀಯ ಬಾಯಿಗೆ ಸುಳ್ಳು ಬರಲಿಲ್ಲ, ಚಂದಾ ಕಟ್ಟಿದೋರಿಗೆ, ಎಂದಳು. ಕತ್ತರಿಗಳು ನಿಂತವು, ಆದಿಲಕ್ಷ್ಮಿಯ ಕೈಯೂ. ಅವತ್ತಿಂದ್ನ ಪುಕ್ಕಟೆ ತೋರ್ಸುದ್ರಿ, ಇದುಕ್ಕೆ ಕಾಸಾ? ಕದಿರಮ್ಮ ಕೇಳಿದಳು.

ಫೋನು ಯಾವಾಗ ಕೈಗೆ ಬಂತೋ, ಬೆರಳು ರೂಢಿಯಲ್ಲೇ ಕ್ಯಾಮೆರಾ ತೆರೆದಿತ್ತು, ಪರದೆಯೊಳಗೆ ಕದಿರಮ್ಮನ ಭುಜ, ಭುಜದ ಹಿಂದೆ ಕಂಬ, ಕಂಬದ ಮೊಳೆಗೆ ಊಟದ ಚೀಲ, ಅದರ ಪಕ್ಕ ಅದೇ ಪ್ಲಾಸ್ಟಿಕ್ ಕವರು, ದಿನಾ ಹೊತ್ತು ತರುತ್ತಾಳೆ, ದಿನಾ ಹೊತ್ತು ಹೋಗುತ್ತಾಳೆ, ಹಾಕಿಕೊಳ್ಳುವುದಿಲ್ಲ, ಕವರಿನ ಬಾಯಲ್ಲಿ ಎರಡು ಅಟ್ಟೆ, ಬಿಳಿ ದಾರ, ಆರು ಲಕ್ಷ ಜನ ಕೇಳಿದ ಪ್ರಶ್ನೆಗೆ ಉತ್ತರ, ಒಂದು ಸಲ ಒತ್ತಿದರೆ ಸಾಕು, ಇನ್ನೂ ಕಟ್ಟಿದಂತೆಯೇ ಇರುವ ಆ ದಾರ — ಒದ್ದೆ ಅಂಗೈಯೊಂದು ಬಂದು ಪರದೆಯನ್ನು ಮುಚ್ಚಿತು.

ಬ್ಯಾಡ, ಎಂದಳು ಕದಿರಮ್ಮ.